ಮಗಳಿಗೊಂದು ಪತ್ರ: ತೊಗರಿಕಾಳಿನ ಲೆಕ್ಕ

ಚಿತ್ತಾಪುರ

ಪ್ರೀತಿಯ ಮಗಳೆ,

ನಿನ್ನನ್ನು ಮಾಮಾಗೆ ಕೊಡುವ ಮಾತು ಮನೆಯಲ್ಲಿ ಮತ್ತೆ ಎದ್ದಿದೆ. ಮಗನೂ ಮೊಮ್ಮಗಳೂ ಕಣ್ಣೆದುರೇ ಇರಬೇಕು, ಹೊಲ ಹೊರಗೆ ಹೋಗಬಾರದು ಅಂತ ನಿನ್ನ ಆಯಿಯ, ಅಂದರೆ ನನ್ನ ಅವ್ವನ ಆಸೆ. ನಾನು ಬೇಡ ಎಂದೆ. ಮಾಮಾ ನನ್ನ ತಮ್ಮ, ನನ್ನ ಕೈಯಲ್ಲೇ ಬೆಳೆದ ಹುಡುಗ, ಅವನಲ್ಲಿ ಯಾವ ಕೊರತೆಯೂ ಇಲ್ಲ. ಕಾರಣ ಬೇರೆ.

ನಿನ್ನ ದೊಡ್ಡವ್ವನನ್ನು ಆಯಿಯ ತಮ್ಮನಿಗೇ ಕೊಟ್ಟಿದ್ದರಲ್ಲ, ಅವರ ಮಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳು ಅಂತ ಎಲ್ಲರೂ ಅಕ್ಕನನ್ನೇ ಆಡಿಕೊಂಡರು. ಎಷ್ಟೋ ವರ್ಷದ ಮೇಲೆ ಕಲಬುರಗಿಯ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಇದು ತಂದೆ ತಾಯಿ ಇಬ್ಬರಿಂದಲೂ ಬಂದದ್ದು ಎಂದರು. ಅವರಿಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ, ಮತ್ತೆ ಬಂದದ್ದು ಎಲ್ಲಿಂದ ಅಂತ ನಾನು ಪಿಯುಸಿಯ ಹಳೇ ಪುಸ್ತಕ ತೆರೆದೆ.

ಬ್ರನೋ ಎಂಬ ಊರಿನ ಮಠದಲ್ಲಿ ಮೆಂಡೆಲ್ ಎಂಬ ಪಾದ್ರಿ 1856ರಿಂದ ಬಟಾಣಿ ಬೆಳೆದು ನೋಡಿದ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದರೆ ಬಂದದ್ದೆಲ್ಲ ದುಂಡು. ಸುಕ್ಕು ಅಳಿದೇ ಹೋಯಿತು ಅನ್ನಬೇಕು. ಆ ದುಂಡು ಕಾಳನ್ನೇ ಬಿತ್ತಿದ. ಮುಂದಿನ ಪೀಳಿಗೆಯಲ್ಲಿ 5474 ದುಂಡು, 1850 ಸುಕ್ಕು! ಹೆಚ್ಚು ಕಡಿಮೆ ಮೂರು ದುಂಡಿಗೆ ಒಂದು ಸುಕ್ಕು. ಸುಕ್ಕು ಎಲ್ಲೂ ಹೋಗಿರಲಿಲ್ಲ, ದುಂಡಿನ ಒಳಗೆ ಅಡಗಿತ್ತು. ಪ್ರತಿ ಗುಣಕ್ಕೂ ಒಳಗೆ ಒಂದು ಜೋಡಿ ಅಂಶ ಇರುತ್ತದೆ. ಒಂದು ತಾಯಿಯದು, ಒಂದು ತಂದೆಯದು. ಮಕ್ಕಳಿಗೆ ದಾಟುವಾಗ ಜೋಡಿ ಬೇರೆಯಾಗಿ ಒಂದೇ ಹೋಗುತ್ತದೆ. ಎರಡೂ ಕಡೆಯಿಂದ ಸುಕ್ಕಿನದೇ ಬಂದರೆ ಮಾತ್ರ ಸುಕ್ಕು ಕಾಣುತ್ತದೆ. ಅವನು ಅದೇ ದುಂಡು ಕಾಳುಗಳಿಂದ 565 ಗಿಡ ಬೆಳೆಸಿದ. 372 ಗಿಡ ಮತ್ತೆ ಸುಕ್ಕನ್ನೂ ಕೊಟ್ಟವು. ನೋಡಲು ದುಂಡಾದ ಮೂರರಲ್ಲಿ ಎರಡು ಒಳಗೆ ಸುಕ್ಕು ಹೊತ್ತಿದ್ದವು. ಈ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ಕನಲ್ಲಿ ಅಡಗಿದ್ದ ಗುಣ ಆಯಿಯಿಂದ ಬಂದಿರುವುದೇ ಹೆಚ್ಚು ಸಂಭವ, ಯಾಕೆಂದರೆ ಆಯಿಯ ತಮ್ಮನಲ್ಲೂ ಅದೇ ಇದೆ. ಹಾಗಿದ್ದರೆ ನನ್ನಲ್ಲಿ ಇರುವ ಸಂಭವ ಎರಡರಲ್ಲಿ ಒಂದು, ನಿನ್ನಲ್ಲಿ ನಾಲ್ಕರಲ್ಲಿ ಒಂದು, ಮಾಮಾನಲ್ಲಿ ಎರಡರಲ್ಲಿ ಒಂದು. ನಿಮ್ಮಿಬ್ಬರಲ್ಲೂ ಇರುವುದು ಎಂಟರಲ್ಲಿ ಒಂದು. ಆಗ ಮಗುವಿಗೆ ಎರಡೂ ಕಡೆಯಿಂದ ಬರುವುದು ನಾಲ್ಕರಲ್ಲಿ ಒಂದು. ಒಟ್ಟು 32ರಲ್ಲಿ ಒಂದು. ಉಳಿದ 31 ಸಲ ಏನೂ ಆಗುವುದಿಲ್ಲ, ಅದಕ್ಕೇ ಊರಲ್ಲಿ "ನಮ್ಮ ಮಕ್ಕಳೆಲ್ಲ ಚೆನ್ನಾಗೇ ಇದ್ದಾರೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಕಳ್ಳುಬಳ್ಳಿಯ ಹೊರಗಿನ ಹುಡುಗನಲ್ಲಿ ಇದೇ ಗುಣ ಅಡಗಿರುವ ಸಂಭವ ಬಹಳ ಕಡಿಮೆ. ನಮ್ಮಲ್ಲಿ ಇನ್ನೇನೇನು ಅಡಗಿದೆಯೋ, ಒಂದೇ ರಕ್ತ ಎರಡು ಕಡೆಯಿಂದ ಬಂದು ಕೂಡಿದಾಗಲೇ ಅದು ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಆಯಿಗೆ ಹೇಗೆ ಹೇಳಲಿ? ಮೊನ್ನೆ ಮೊರದಲ್ಲಿ ತೊಗರಿ ಆರಿಸುತ್ತ ಕೂತಿದ್ದಳು. ಎರಡು ವಾಟಗಾ ತಂದು, ಒಂದೊಂದರಲ್ಲೂ ಒಂದು ಕೆಂಪು ಕಾಳು, ಒಂದು ಬಿಳಿ ಕಾಳು ಹಾಕಿದೆ. ಒಂದು ವಾಟಗಾ ಅಕ್ಕ, ಒಂದು ಅವಳ ಗಂಡ; ಬಿಳಿ ಕಾಳು ಅಂದರೆ ಆ ಅಡಗಿದ ಗುಣ. "ಕಣ್ಣು ಮುಚ್ಚಿ ಒಂದೊಂದು ತೆಗಿ" ಎಂದೆ. ಕೆಂಪು ಕೆಂಪು. ವಾಪಸ್ ಹಾಕಿ ಮತ್ತೆ ತೆಗೆದಳು, ಕೆಂಪು ಬಿಳಿ. ಏಳನೇ ಸಲ ಎರಡೂ ಬಿಳಿ. ಅಂಗೈಯಲ್ಲಿ ಎರಡು ಬಿಳಿ ಕಾಳು ಇಟ್ಟುಕೊಂಡು ಬಹಳ ಹೊತ್ತು ಕೂತಳು.

"ಹಂಗಾದ್ರ ಅಕಿ ಗ್ರಹಣದಾಗ ಹೊರಗ ಬಂದದ್ದಕ್ಕ ಅಲ್ಲೇನು?"

"ಅಲ್ಲವ್ವಾ."

ಸಂಜೆ ದೊಡ್ಡವ್ವನಿಗೆ ಫೋನ್ ಹಚ್ಚು ಎಂದಳು. ಹಚ್ಚಿಕೊಟ್ಟು ನಾನು ಹೊರಗೆ ಬಂದೆ.

ಮಾಮಾಗೂ ಎಲ್ಲಾ ಹೇಳಿದ್ದೇನೆ. ಅವನು ಫೋನ್ ಮಾಡಿದರೆ ಎತ್ತು, ಮೊದಲಿನ ಹಾಗೆಯೇ ಮಾತಾಡು.

ನಿನ್ನ
ಅವ್ವ