ಚೀಟಿ ಹತ್ತು, ನೋಡುವವರು ಯಾರು?

ಮಾನ್ಯರೇ,

ನಮ್ಮಮ್ಮನಿಗೆ ಶುಗರ್, ಬಿಪಿ, ಈಗ ಕಿಡ್ನಿ ತೊಂದರೆ ಕೂಡ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಇದು ನಮ್ಮಂಥವರಿಗೆ ದೊಡ್ಡ ಉಪಕಾರ, ಮರೆಯುವುದಿಲ್ಲ. ಆದರೆ ಆಟೊ ಬಾಡಿಗೆ, ಜೊತೆಗೆ ಹೋದವರ ಒಂದು ದಿನದ ಕೂಲಿ, ಹೊರಗೆ ಕೊಳ್ಳುವ ಮಾತ್ರೆ? ಆಯುಷ್ಮಾನ್ ಕಾರ್ಡ್ ಅಡ್ಮಿಟ್ ಆದಾಗ ವರ್ಷಕ್ಕೆ 5 ಲಕ್ಷದವರೆಗೆ ಕೈ ಹಿಡಿಯುತ್ತದೆ. ತಿಂಗಳ ಮಾತ್ರೆಯ ಬಿಲ್ಲನ್ನು ನಾವೇ ಕಟ್ಟಬೇಕು.

ಇದಕ್ಕಿಂತ ಜಾಸ್ತಿ ನೋವು ಕೊಡುವುದು ಬೇರೆ. ಶುಗರ್‌ಗೆ ಒಬ್ಬ ಡಾಕ್ಟರ್, ಹೃದಯಕ್ಕೆ ಇನ್ನೊಬ್ಬರು, ಕಿಡ್ನಿಗೆ ಮತ್ತೊಬ್ಬರು. ಒಬ್ಬರ ಚೀಟಿ ಇನ್ನೊಬ್ಬರು ನೋಡುವುದಿಲ್ಲ. ಹೋದ ವರ್ಷ ಮಂಡಿನೋವಿಗೆ ಒಂದು ಕಡೆ ನೋವಿನ ಮಾತ್ರೆ ಬರೆದುಕೊಟ್ಟರು. ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆಯ ಅಂಕಿ, ಕ್ರಿಯಾಟಿನಿನ್, ಎಷ್ಟಿದೆ ಎಂದು ಕೇಳಲೇ ಇಲ್ಲ. ಅಂಥ ಮಾತ್ರೆ ಸೋತ ಕಿಡ್ನಿಗೆ ಕೇಡು ಎಂದು ನಮಗೆ ಗೊತ್ತಾಗಿದ್ದು ಆಮೇಲೆ. ಅಮ್ಮ ಐದು ದಿನ ಐಸಿಯುನಲ್ಲಿದ್ದರು. ಒಂದು ಪ್ರಶ್ನೆ ಕೇಳಿದ್ದರೆ ತಪ್ಪುತ್ತಿತ್ತು, ಅಲ್ವಾ?

ಇಂಥ ರೋಗಿಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ನರ್ಸನ್ನು ಗೊತ್ತು ಮಾಡಿ. ಎಲ್ಲ ಚೀಟಿ ಒಂದೇ ಫೈಲಿನಲ್ಲಿರಲಿ. ಅವರು ವಾರಕ್ಕೊಮ್ಮೆ ಫೋನ್ ಮಾಡಿ ತೂಕ ಏರಿದೆಯಾ, ಕಾಲು ಊದಿದೆಯಾ ಎಂದು ಕೇಳಲಿ. ಪಕ್ಕದ ಕೇರಳದಲ್ಲಿ 2008ರಲ್ಲೇ ಉಪಶಮನ ಆರೈಕೆಗೆ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಗೆ, ನೀತಿ ಬಂತು, ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ನಮ್ಮ ಆರೋಗ್ಯ ಇಲಾಖೆ ಒಂದು ಜಿಲ್ಲೆಯಲ್ಲಾದರೂ ಇದನ್ನು ಶುರು ಮಾಡಲಿ.

— ಓದುಗ, ತಿಪಟೂರು