ಸಲೂನ್‌ಗೆ ಒಗ್ಗದ ನೆಲ ಹಾಕಿದ್ದೀರಿ, ಬದಲಿಸಿಕೊಡಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ನಮ್ಮ ಸಲೂನ್ ಮತ್ತು ಸ್ಪಾದಲ್ಲಿ ನೀವು ಹಾಕಿದ ಫ್ಲೋರಿಂಗ್ ಹಾಳಾಗಿರುವುದು, ವಾರಂಟಿ ನಿರಾಕರಿಸಿರುವುದು

ಮಾನ್ಯರೇ,

ನಮ್ಮ ವಾರಂಟಿ ಅರ್ಜಿಗೆ ನೀವು ಕಳಿಸಿದ ಉತ್ತರ ಬಂದಿದೆ. ನೆಲ ಉಬ್ಬಿರುವುದಕ್ಕೆ ಅತಿಯಾದ ನೀರಿನ ಬಳಕೆಯೇ ಕಾರಣ, ಹಾಗಾಗಿ ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದಿದ್ದೀರಿ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮದು ಸಲೂನ್. ದಿನವಿಡೀ ತಲೆ ತೊಳೆಯುತ್ತೇವೆ, ನೀರು ಬಿದ್ದೇ ಬೀಳುತ್ತದೆ. ಕೊಟೇಶನ್ ಕೊಡುವ ಮೊದಲೇ ಇದು ನಿಮಗೆ ಗೊತ್ತಿತ್ತು. ಶಾಂಪೂ ಬೇಸಿನ್ ಎಲ್ಲಿ, ಕಲರ್ ಮಾಡುವ ಜಾಗ ಎಲ್ಲಿ, ಸ್ಟೀಮ್ ಮತ್ತು ಶವರ್ ರೂಮ್ ಎಲ್ಲಿ ಎಂದು ಗುರುತು ಹಾಕಿದ ನಕ್ಷೆ ನಿಮ್ಮ ಕೈಯಲ್ಲೇ ಇತ್ತು. ಅದರ ಮೇಲೆ ನಿಮ್ಮವರ ಸಹಿಯೂ ಇದೆ.

ಮೊದಲು ಹಾಲ್ ವಿಷಯ. ನೀವು ಹಾಕಿದ್ದು ಮರದ ವಿನ್ಯಾಸದ ಲ್ಯಾಮಿನೇಟ್. 'ಇದು ವಾಟರ್‌ಪ್ರೂಫ್, ಚಿಂತೆನೇ ಬೇಡ' ಎಂದು ನಿಮ್ಮ ಮಾರಾಟ ಪ್ರತಿನಿಧಿ ಸ್ಯಾಂಪಲ್ ಮೇಲೆ ನೀರು ಸುರಿದು ತೋರಿಸಿದರು. ಹಲಗೆಯ ಮೇಲ್ಪದರ ನೀರು ಹೀರುವುದಿಲ್ಲ, ನಿಜ. ಆದರೆ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಅಂಚಿನಿಂದ ನೀರು ಒಳಗೆ ಹೋದರೆ ಅದು ಊದಿಕೊಳ್ಳುತ್ತದೆ, ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಬೇಸಿನ್ ಸುತ್ತ ಈಗ ಆಗಿರುವುದು ಅದೇ. ಜಾಯಿಂಟ್‌ಗಳ ಎರಡೂ ಅಂಚು ತುಟಿಯ ಹಾಗೆ ಮೇಲೆದ್ದಿವೆ. ಟ್ರಾಲಿಯ ಚಕ್ರ ಅಲ್ಲಿ ತಡೆದು ನಿಲ್ಲುತ್ತದೆ. ಕತ್ತರಿಸಿದ ಸಣ್ಣ ಕೂದಲು ಆ ಸಂದಿಗಳಲ್ಲಿ ಕೂತರೆ ಪೊರಕೆಗೂ ಬರುವುದಿಲ್ಲ, ವ್ಯಾಕ್ಯೂಮ್‌ಗೂ ಬರುವುದಿಲ್ಲ. ನಮ್ಮ ಹುಡುಗಿಯರು ಟೂತ್‌ಪಿಕ್ ಹಿಡಿದು ಕೂರುವ ಸ್ಥಿತಿ.

ಇದಕ್ಕಿಂತ ದೊಡ್ಡ ತಪ್ಪು ಫಿಟ್ಟಿಂಗ್‌ನಲ್ಲಿದೆ. ಈ ತರಹದ ಲ್ಯಾಮಿನೇಟ್ ಅನ್ನು ಕೆಳಗಿನ ಕಾಂಕ್ರೀಟ್‌ಗೆ ಅಂಟಿಸುವುದಿಲ್ಲ. ಹಲಗೆಗಳು ಒಂದಕ್ಕೊಂದು ಕ್ಲಿಕ್ ಆಗಿ ಕೂರುತ್ತವೆ, ಇಡೀ ನೆಲ ತೇಲುವಂತೆ ಇರುತ್ತದೆ. ಬಿಸಿಲು, ತೇವ ಬದಲಾದಂತೆ ಅದು ಸ್ವಲ್ಪ ಹಿಗ್ಗಬೇಕು, ಕುಗ್ಗಬೇಕು. ಅದಕ್ಕೇ ಗೋಡೆಯ ಬದಿಯಲ್ಲಿ ಸಂದು ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚುತ್ತಾರೆ. ನಿಮ್ಮ ಕೆಲಸಗಾರರು ಗೋಡೆಯ ಹತ್ತಿರ ಸಂದು ಬಿಟ್ಟಿದ್ದಾರೆ, ಸರಿ. ಆದರೆ ಪೂರ್ತಿ ನೆಲ ಹಾಸಿದ ಮೇಲೆ ಭಾರದ ಶಾಂಪೂ ಯೂನಿಟ್‌ಗಳನ್ನು ಅದರ ಮೇಲಿಟ್ಟು, ಹಲಗೆಯ ಮೂಲಕವೇ ಡ್ರಿಲ್ ಮಾಡಿ ಕಾಂಕ್ರೀಟ್‌ಗೆ ಬೋಲ್ಟ್ ಬಿಗಿದಿದ್ದಾರೆ. ಅಲ್ಲಿಗೆ ತೇಲುವ ನೆಲಕ್ಕೆ ಮೊಳೆ ಹೊಡೆದಂತಾಯಿತು. ಇತ್ತ ಅಲುಗಾಡುವಂತಿಲ್ಲ, ಅತ್ತ ಹಿಗ್ಗುವಂತಿಲ್ಲ. ನಡುವೆ ಹಲಗೆಗಳು ಎದ್ದಿವೆ, ಕೊನೆಯಲ್ಲಿ ಜಾಯಿಂಟ್ ಬಿಟ್ಟಿದೆ. ಡ್ರಿಲ್ ಮಾಡಿದ ತೂತುಗಳಿಗೆ ಸೀಲಂಟ್ ಕೂಡ ಹಾಕಿಲ್ಲ. ಒಂದು ಬೋಲ್ಟ್‌ನ ಮುಚ್ಚಳ ತೆಗೆದು ನೋಡಿದರೆ ಒಳಗಿನ ನಾರು ಒದ್ದೆ ರಟ್ಟಿನ ಹಾಗೆ ಬೆರಳಿಗೆ ಬಂತು. ಫೋಟೋ ಲಗತ್ತಿಸಿದ್ದೇನೆ. ಇದಕ್ಕೂ ನಮ್ಮ ನೀರಿನ ಬಳಕೆಯೇ ಕಾರಣವಾ?

ಉಳಿದಿರುವ ಲ್ಯಾಮಿನೇಟ್ ಬಾಕ್ಸ್ ಮೇಲೆ ಎಸಿ3 ಎಂದು ಅಚ್ಚಾಗಿದೆ, ಅಂದರೆ ಎಷ್ಟು ಸವೆತ ತಡೆಯುತ್ತದೆ ಎನ್ನುವ ದರ್ಜೆ. ಎಸಿ3 ಆಗುವುದು ಮನೆಗೆ, ಹೆಚ್ಚೆಂದರೆ ಓಡಾಟ ಕಡಿಮೆ ಇರುವ ಆಫೀಸಿಗೆ. ಜನ ಬಂದು ಹೋಗುವ ಜಾಗಕ್ಕೆ ಎಸಿ4 ಅಥವಾ ಎಸಿ5 ಬೇಕು ಅನ್ನುವುದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯ ಅಲ್ಲ. ಎಸಿ5 ಹಾಕಿದ್ದರೂ ಗೀರು, ಸವೆತ ತಡೆಯುತ್ತಿತ್ತೇ ಹೊರತು ನೀರಿನ ತೊಂದರೆ ಹಾಗೇ ಇರುತ್ತಿತ್ತು, ಆ ಮಾತು ಬೇರೆ.

ಈಗ ಶವರ್ ರೂಮ್. ಹಾಲ್ ಹಾಳಾದರೆ ದುಡ್ಡು ಹೋಗುತ್ತದೆ, ಇಲ್ಲಿ ಜನರ ಸೊಂಟ ಹೋಗುತ್ತದೆ. ಮಸಾಜ್ ಮುಗಿಸಿದವರು ಅಂಗಾಲಲ್ಲಿ ಎಣ್ಣೆ ಇರುವಾಗಲೇ ಇಲ್ಲಿಗೆ ಬರುತ್ತಾರೆ. ಮೇಲಿಂದ ನೀರು, ಸೋಪು. ಅಂಥ ಕಡೆ ನೀವು ಹಾಕಿದ್ದು ಕನ್ನಡಿಯಂತೆ ಹೊಳೆಯುವ ಪಾಲಿಶ್ಡ್ ಟೈಲ್ಸ್. ಹಿರಿಯ ಗ್ರಾಹಕಿಯೊಬ್ಬರು ಕಾಲು ಜಾರಿ ಬಾಗಿಲಿನ ಹಿಡಿಕೆಗೆ ಜೋತುಬಿದ್ದರು. ಮಣಿಕಟ್ಟು ಊದಿಕೊಂಡಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ, ಪುಣ್ಯ. ಈ ಬಗ್ಗೆ ಫೋನ್ ಮಾಡಿದಾಗ ನಿಮ್ಮ ಇಂಜಿನಿಯರ್ 'ಟೈಲ್ಸ್‌ಗೆ ಆರ್9 ರೇಟಿಂಗ್ ಇದೆಯಲ್ಲ' ಎಂದರು.

ಆರ್9 ಎಂದರೆ ಏನು ಅಂತ ನೋಡಿದೆ. ಟೈಲ್ಸ್ ಹಾಸಿದ ಹಲಗೆಗೆ ಎಂಜಿನ್ ಆಯಿಲ್ ಸವರಿ, ಅದರ ಮೇಲೆ ಬೂಟು ಹಾಕಿದ ಮನುಷ್ಯನನ್ನು ನಡೆಸಿ, ಹಲಗೆಯನ್ನು ಮೆಲ್ಲಗೆ ಓರೆ ಮಾಡುತ್ತಾ ಎಷ್ಟು ಡಿಗ್ರಿಗೆ ಜಾರುತ್ತಾನೆ ಎಂದು ಅಳೆಯುತ್ತಾರೆ. ಆರ್9ರಿಂದ ಆರ್13ರವರೆಗಿನ ಪಟ್ಟಿಯಲ್ಲಿ ಆರ್9 ಎಲ್ಲಕ್ಕಿಂತ ಕೆಳಗಿನದು. ಅದೂ ಬೂಟು ಹಾಕಿದವರಿಗೆ. ನಮ್ಮಲ್ಲಿ ಶವರ್‌ಗೆ ಯಾರೂ ಬೂಟು ಹಾಕಿಕೊಂಡು ಹೋಗುವುದಿಲ್ಲ. ಬರಿಗಾಲಿಗೆ ಬೇರೆಯೇ ಪರೀಕ್ಷೆ ಇದೆ, ಸೋಪಿನ ನೀರಿನ ಮೇಲೆ ನಡೆಸಿ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ. ಬಟ್ಟೆ ಬದಲಿಸುವ ಕೋಣೆಗೆ ಎ ಸಾಕು. ಶವರ್ ಇರುವ ಕಡೆ ಬಿ ಬೇಕು, ಅಂದರೆ ಕನಿಷ್ಠ 18 ಡಿಗ್ರಿ ಓರೆಯವರೆಗೂ ಕಾಲು ನಿಲ್ಲಬೇಕು. ನೀವು ಹಾಕಿದ ಟೈಲ್ಸ್‌ನ ಬಾಕ್ಸ್ ಮೇಲಾಗಲಿ ಬಿಲ್‌ನಲ್ಲಾಗಲಿ ಈ ದರ್ಜೆಯ ಸುದ್ದಿಯೇ ಇಲ್ಲ.

ವಾಟವೂ ಸರಿಯಿಲ್ಲ. ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರಾದರೂ ಇದ್ದರೆ ನೀರು ಜಾಲಿಯ ಕಡೆ ಹರಿಯುತ್ತಿತ್ತು. ಇಲ್ಲಿ ನೀರು ಜಾಲಿಗೆ ಬೆನ್ನು ತಿರುಗಿಸಿ ಎದುರಿನ ಮೂಲೆಗೆ ಹೋಗಿ ನಿಲ್ಲುತ್ತದೆ. ಪ್ರತಿ ಗ್ರಾಹಕರು ಹೋದ ಮೇಲೂ ವೈಪರ್ ಹಿಡಿಯಬೇಕು. ಟೈಲ್ಸ್ ಸಂದಿಗೆ ತುಂಬಿದ ಸಿಮೆಂಟ್ ಗ್ರೌಟ್ ಎಣ್ಣೆ ಕುಡಿದು ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಪರಿಹಾರ ಅಂತ ನೀವು ಹೇಳಿದ್ದು ಎರಡು. ಒಂದು, ರಬ್ಬರ್ ಮ್ಯಾಟ್ ಹಾಸಿ ಎಂದು. ಲ್ಯಾಮಿನೇಟ್ ಮೇಲೆ ಮ್ಯಾಟ್ ಹಾಸಿದರೆ ತೇವ ಅದರಡಿಯಲ್ಲೇ ಉಳಿದು ಇನ್ನಷ್ಟು ಬೇಗ ಕೊಳೆಯುತ್ತದೆ. ಇನ್ನೊಂದು, ಹಾಲ್‌ಗೆ ಪೂರ್ತಿ ವಿನೈಲ್ (ಪ್ಲಾಸ್ಟಿಕ್ ನೆಲಹಾಸು) ಹಾಕಿಕೊಡುತ್ತೇವೆ, ಅರ್ಧ ಖರ್ಚು ನೀವು ಕೊಡಿ ಎಂದು. ನೀವು ಕಳಿಸಿದ ವಿನೈಲ್ ತುಂಡಿನ ಮೇಲೆ ಬಣ್ಣ ಹತ್ತಿಸುವ ಡೆವಲಪರ್ ದ್ರಾವಣ ಬೆರೆಸಿದ ಕಪ್ಪು ಹೇರ್ ಡೈ ಒಂದು ಹನಿ ಬಿಟ್ಟು, ಕೂದಲಿಗೆ ಬಿಡುವಷ್ಟೇ ಹೊತ್ತು ಬಿಟ್ಟು ಒರೆಸಿದೆ. ಕಂದು ಕಲೆ ಉಳಿಯಿತು. ಡೈ ಮೇಲೆ ಮಾತ್ರ ನಿಲ್ಲುವುದಿಲ್ಲ, ಪ್ಲಾಸ್ಟಿಕ್‌ನ ಒಳಗಿಳಿದು ಅಲ್ಲೇ ಬಣ್ಣ ಕಟ್ಟುತ್ತದೆ. ಇನ್ನೊಂದು ಮೂಲೆಗೆ ನೈಲ್ ಪಾಲಿಶ್ ರಿಮೂವರ್ ಹಾಕಿದೆ. ಅದರಲ್ಲಿರುವ ಅಸಿಟೋನ್‌ಗೆ ಹೊಳಪು ಹೋಗಿ ಮೇಲ್ಮೈ ಅಂಟಂಟಾಯಿತು. ಈ ಎರಡೂ ನಮ್ಮಲ್ಲಿ ದಿನಾ ಚೆಲ್ಲುವ ವಸ್ತುಗಳೇ. ಆ ತುಂಡನ್ನೂ ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ, ನೀವೇ ನೋಡಿ.

ಎಲ್ಲವೂ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ರಿಸೆಪ್ಶನ್ ಮತ್ತು ಮಸಾಜ್ ರೂಮ್‌ಗಳಲ್ಲಿ ಅದೇ ಲ್ಯಾಮಿನೇಟ್ ಚೆನ್ನಾಗಿದೆ. ಅಲ್ಲಿ ನೀರಿಲ್ಲ, ಹಾಗಾಗಿ ತೊಂದರೆಯೂ ಇಲ್ಲ. ಅದನ್ನು ಮುಟ್ಟುವುದು ಬೇಡ. ಯಾವ ಕೋಣೆಯಲ್ಲಿ ನೆಲದ ಮೇಲೆ ಏನು ಬೀಳುತ್ತದೆ ಎಂದು ನೀವು ಒಂದು ಸಲ ಕೇಳಿದ್ದರೆ ಸಾಕಿತ್ತು.

ನನಗೆ ಬೇಕಿರುವುದು ಇಷ್ಟು. ಶಾಂಪೂ ಮತ್ತು ಕಲರ್ ಮಾಡುವ ಭಾಗದ ಲ್ಯಾಮಿನೇಟ್ ಕಿತ್ತು, ಹೊಳಪಿಲ್ಲದ, ಮ್ಯಾಟ್ ಫಿನಿಶ್‌ನ ವಿಟ್ರಿಫೈಡ್ ಟೈಲ್ಸ್ ಹಾಕಿ. ಅದು ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ, ಅಸಿಟೋನ್‌ಗೂ ಜಗ್ಗುವುದಿಲ್ಲ. ಗ್ರೌಟ್ ಎಣ್ಣೆ ಹೀರದ ಎಪಾಕ್ಸಿಯದ್ದೇ ಇರಲಿ. ತೀರಾ ಒರಟು ಟೈಲ್ಸ್ ಬೇಡ, ಕೂದಲು, ವ್ಯಾಕ್ಸ್ ಎಲ್ಲ ಹಿಡಿದುಕೊಳ್ಳುತ್ತದೆ, ಮಾಪ್ ಹರಿದುಹೋಗುತ್ತದೆ. ಶವರ್ ರೂಮ್‌ನಲ್ಲಿ ವಾಟ ಸರಿಮಾಡಿ, ಬರಿಗಾಲಿನ ಪರೀಕ್ಷೆಯಲ್ಲಿ ಬಿ ದರ್ಜೆ ಬಂದ ಟೈಲ್ಸ್ ಹಾಕಿ, ಪರೀಕ್ಷೆಯ ವರದಿಯ ಪ್ರತಿ ನನಗೆ ಕೊಡಿ. ಹಾಕುವ ಮೊದಲು ಎರಡಕ್ಕೂ ಸ್ಯಾಂಪಲ್ ಕಳಿಸಿ, ಡೈ ಮತ್ತು ಎಣ್ಣೆ ಹಾಕಿ ನೋಡಿಯೇ ಒಪ್ಪಿಗೆ ಕೊಡುತ್ತೇನೆ. ಈ ಕೆಲಸದ ಸಾಮಾನು, ಕೂಲಿ ಎರಡೂ ನಿಮ್ಮದೇ. ಸೋಮವಾರ ನಮಗೆ ರಜೆ. ಹಾಲ್ ಮತ್ತು ಶವರ್ ರೂಮ್ ಎರಡೂ ಒಟ್ಟಿಗೆ ಮುಚ್ಚದ ಹಾಗೆ ಹಂತಹಂತವಾಗಿ ಮಾಡಿ.

ಶವರ್ ರೂಮ್‌ಗೆ ಸದ್ಯ ಬೀಗ ಹಾಕಿದ್ದೇನೆ. ಅದರಿಂದ ಆಗುತ್ತಿರುವ ನಷ್ಟದ ಲೆಕ್ಕವನ್ನು ಪ್ರತ್ಯೇಕವಾಗಿ ಕಳಿಸುತ್ತೇನೆ. ಫೋನ್‌ನಲ್ಲಿ ಮಾತಾಡಿ ಸಾಕಾಗಿದೆ, ಉತ್ತರ ಬರಹದಲ್ಲೇ ಕೊಡಿ. 15 ದಿನದೊಳಗೆ ಕೆಲಸದ ದಿನಾಂಕ ತಿಳಿಸದಿದ್ದರೆ ಇದೇ ಫೋಟೋ, ಇದೇ ನಕ್ಷೆ ಇಟ್ಟುಕೊಂಡು ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ಸಲೂನ್ ಮಾಲೀಕಿ

ಲಗತ್ತು: ಸಹಿ ಇರುವ ನಕ್ಷೆ, ಕೊಟೇಶನ್ ಮತ್ತು ಬಿಲ್‌ನ ಪ್ರತಿ, ಫೋಟೋಗಳು, ವಿನೈಲ್ ತುಂಡು