ಪ್ರೈಮರಿ ಹಾಕಿದರೆ ಎರರ್ ಹೋಗುತ್ತದೆ, ತಪ್ಪು ಹೋಗಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನು, ಹೊಸ ಆ್ಯಪ್‌ಗಳ ಸುದ್ದಿ ಚೆನ್ನಾಗಿ ಬರುತ್ತದೆ. ಕೋಡ್ ಬರೆಯುವವರು ದಿನಾ ಒದ್ದಾಡುವ ವಿಷಯಕ್ಕೂ ಒಂದಿಷ್ಟು ಜಾಗ ಕೊಡಿ ಅಂತ ಕೇಳಲು ಈ ಪತ್ರ. ನಾನೇ ಒಂದರಿಂದ ಶುರು ಮಾಡುತ್ತೇನೆ. ಸ್ಪ್ರಿಂಗ್ ಬೂಟ್ (ಜಾವಾ ಭಾಷೆಯಲ್ಲಿ ಅಪ್ಲಿಕೇಶನ್ ಕಟ್ಟಲು ಬಳಸುವ ಚೌಕಟ್ಟು) ಅಪ್ಲಿಕೇಶನ್‌ಗೆ ಎರಡನೇ ಡೇಟಾಬೇಸ್ ಸೇರಿಸಿದ ದಿನ ಅಷ್ಟು ದಿನ ಹಸಿರಾಗಿದ್ದ ಟೆಸ್ಟ್‌ಗಳೆಲ್ಲ ಒಟ್ಟಿಗೆ ಕೆಂಪಾಗುತ್ತವಲ್ಲ, ಅದು.

ಎರರ್‌ನ ಮೇಲಿನ ಸಾಲಿನಲ್ಲಿ ಅಪ್ಲಿಕೇಶನ್ ಕಾಂಟೆಕ್ಸ್ಟ್ (ಸ್ಪ್ರಿಂಗ್ ಅಪ್ಲಿಕೇಶನ್ನಿನ ಭಾಗಗಳನ್ನೆಲ್ಲ ಜೋಡಿಸಿಡುವ ಜಾಗ) ಲೋಡ್ ಆಗಲಿಲ್ಲ ಅಂತಷ್ಟೇ ಇರುತ್ತದೆ. ಅದರಿಂದ ಏನೂ ಗೊತ್ತಾಗಲ್ಲ. ಕೆಳಗೆ ಹೋಗಿ, ಕಾರಣ ಹೇಳುವ ಕಟ್ಟಕಡೆಯ 'ಕಾಸ್ಡ್ ಬೈ' ಸಾಲು ಓದಬೇಕು. ಅಲ್ಲಿ ಕೆಲವೊಮ್ಮೆ ನೇರವಾಗಿಯೇ ಬರೆದಿರುತ್ತದೆ: ಒಂದು ಡೇಟಾಸೋರ್ಸ್ (ಡೇಟಾಬೇಸಿಗೆ ಸಂಪರ್ಕ ಕೊಡುವ ಭಾಗ) ಬೇಕಿತ್ತು, ಎರಡು ಸಿಕ್ಕವು ಅಂತ. ಇನ್ನು ಕೆಲವೊಮ್ಮೆ 'ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿ' ಅನ್ನುವ ಬೀನ್ (ಸ್ಪ್ರಿಂಗ್ ತಾನೇ ಸೃಷ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್) ಇಲ್ಲ ಅಂತ ಬರುತ್ತದೆ. ಇದನ್ನು ನೋಡಿದವರು ಡೇಟಾಬೇಸ್ ಟೇಬಲ್‌ಗಳಿಗೆ ಹೊಂದುವ ಎಂಟಿಟಿ ಕ್ಲಾಸ್‌ಗಳನ್ನೆಲ್ಲ ತಡಕಾಡಿ ಅರ್ಧ ದಿನ ಕಳೆಯುತ್ತಾರೆ. ತಪ್ಪು ಅಲ್ಲಿ ಇರುವುದೇ ಇಲ್ಲ. ಡೇಟಾಸೋರ್ಸ್ ಒಂದೇ ಇದ್ದರೆ, ಇಲ್ಲವೇ ಇರುವುದರಲ್ಲಿ ಒಂದಕ್ಕೆ ಪ್ರೈಮರಿ (ಮುಖ್ಯವಾದದ್ದು) ಅನ್ನುವ ಗುರುತು ಇದ್ದರೆ ಮಾತ್ರ ಸ್ಪ್ರಿಂಗ್ ಬೂಟ್ ತಾನಾಗಿ ಜೆಪಿಎ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿನಲ್ಲಿ ಉಳಿಸುವ ವ್ಯವಸ್ಥೆ) ಸೆಟಪ್ ಮಾಡುತ್ತದೆ. ಎರಡಿದ್ದು ಗುರುತಿಲ್ಲದಿದ್ದರೆ ಆ ಕೆಲಸವನ್ನೇ ಬಿಟ್ಟು ಮುಂದೆ ಹೋಗುತ್ತದೆ.

ಆಗ ಎಲ್ಲರೂ ಕೊಡುವ ಸಲಹೆ ಒಂದೇ. ಒಂದಕ್ಕೆ ಪ್ರೈಮರಿ ಹಾಕು, ಸರಿ ಹೋಗುತ್ತೆ. ನಾನೂ ಹಾಕಿದ್ದೆ, ಎರರ್ ಹೋಯಿತು. ನನ್ನ ತಕರಾರು ಇರುವುದು ಇಲ್ಲೇ. ಪ್ರೈಮರಿ ಅಂದರೆ 'ಯಾರೂ ಹೆಸರು ಹೇಳದಿದ್ದರೆ ಇದನ್ನೇ ಕೊಡು' ಅಂತ. ಯಾವ ಡೇಟಾಬೇಸ್ ಬೇಕು ಅಂತ ಸ್ಪ್ರಿಂಗ್ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು, ನಾವು ಉತ್ತರ ಹೇಳದೆ ಅದರ ಬಾಯಿ ಮುಚ್ಚಿಸಿದೆವು ಅಷ್ಟೇ.

ನಮ್ಮಲ್ಲಿ ಆರ್ಡರ್‌ಗಳಿಗೆ ಒಂದು ಡೇಟಾಬೇಸ್, ಆಡಿಟ್ ದಾಖಲೆಗೆ ಇನ್ನೊಂದು. ಆರ್ಡರ್ ಹಾಕಿದರೆ ಆಡಿಟ್‌ನಲ್ಲಿ ಒಂದು ಸಾಲು ಸೇರಬೇಕು, ಎಣಿಸಿದರೆ 1 ಬರಬೇಕು, ಟೆಸ್ಟ್ ಇಷ್ಟೇ. ಒಂದೇ ಟೆಸ್ಟ್ ಓಡಿಸಿದರೆ ಪಾಸ್. ಇಡೀ ಕ್ಲಾಸ್ ಓಡಿಸಿದರೆ 1ರ ಬದಲು 2. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಟೆಸ್ಟ್ ಮುಗಿದ ಮೇಲೆ ಬದಲಾವಣೆಗಳನ್ನು ರದ್ದು ಮಾಡಲೆಂದು ಅದರ ಮೇಲೆ ಬರೆದಿದ್ದ ಟ್ರಾನ್ಸಾಕ್ಷನಲ್ ಆನೊಟೇಶನ್‌ಗೆ (ಕೋಡ್ ಮೇಲೆ ಹಾಕುವ ಗುರುತು) ನಾವು ಟ್ರಾನ್ಸಾಕ್ಷನ್ ಮ್ಯಾನೇಜರ್ ಹೆಸರು ಕೊಟ್ಟಿರಲಿಲ್ಲ, ಹಾಗಾಗಿ ಅದು ಪ್ರೈಮರಿ ಟ್ರಾನ್ಸಾಕ್ಷನ್ ಮ್ಯಾನೇಜರನ್ನೇ ಹಿಡಿದು ಆರ್ಡರ್‌ಗಳನ್ನು ಮಾತ್ರ ರೋಲ್‌ಬ್ಯಾಕ್ (ರದ್ದು) ಮಾಡುತ್ತಿತ್ತು, ಆಡಿಟ್ ಕಡೆಯ ಸಾಲು ತನ್ನದೇ ಮ್ಯಾನೇಜರ್ ಮೂಲಕ ಕಮಿಟ್ (ಕಾಯಂ) ಆಗಿ ಅಲ್ಲೇ ಉಳಿಯುತ್ತಿತ್ತು. ಹೆಸರು ಕೊಟ್ಟರೂ ಆ ಆನೊಟೇಶನ್ ನೋಡಿಕೊಳ್ಳುವುದು ಒಂದೇ ಮ್ಯಾನೇಜರನ್ನು. ಇನ್ನೊಂದು ಡೇಟಾಬೇಸನ್ನು ಪ್ರತಿ ಟೆಸ್ಟ್‌ಗೂ ಮುಂಚೆ ನಾವೇ ಖಾಲಿ ಮಾಡಬೇಕು. ಈಗ ಹಾಗೇ ಮಾಡುತ್ತಿದ್ದೇವೆ.

ಇದಕ್ಕಿಂತ ಹೆದರಿಕೆ ಹುಟ್ಟಿಸುವ ವಿಷಯ ಇನ್ನೊಂದಿದೆ. ಡೇಟಾಬೇಸ್ ಭಾಗವನ್ನಷ್ಟೇ ಪರೀಕ್ಷಿಸುವ 'ಡೇಟಾ ಜೆಪಿಎ ಟೆಸ್ಟ್' ಆನೊಟೇಶನ್ ಬಳಸಿದರೆ ಸ್ಪ್ರಿಂಗ್ ಬೂಟ್ ಅಸಲಿ ಡೇಟಾಸೋರ್ಸ್ ತೆಗೆದು ಎಚ್2 ಥರದ ಮೆಮೊರಿ ಡೇಟಾಬೇಸ್ ಇಡುತ್ತದೆ ಅಂತ ನಾವೆಲ್ಲ ನಂಬಿರುತ್ತೇವೆ ಅಲ್ವಾ? ಎರಡಿದ್ದಾಗ ಅದು ಬದಲಿಸುವುದು ಪ್ರೈಮರಿಯನ್ನು ಮಾತ್ರ. ಇನ್ನೊಂದು ಡೇಟಾಸೋರ್ಸ್, ಅಪ್ಲಿಕೇಶನ್ನಿನ ಪ್ರಾಪರ್ಟೀಸ್ (ಸೆಟ್ಟಿಂಗ್) ಫೈಲಿನಲ್ಲಿ ಯಾವ ವಿಳಾಸ ಇದೆಯೋ ಅಲ್ಲಿಗೇ ಹೋಗುತ್ತದೆ. ಅಲ್ಲಿ ನಿಜವಾದ ಸರ್ವರ್ ವಿಳಾಸ ಇದ್ದರೆ ಏನಾಗಬಹುದು ಅಂತ ಯೋಚಿಸಿ. ಜೊತೆಗೆ, ಬೇರೆ ಫೈಲಿನಲ್ಲಿ ಬರೆದ ಡೇಟಾಬೇಸ್ ಕಾನ್ಫಿಗರೇಶನ್ ಕ್ಲಾಸ್‌ಗಳು ಈ ಟೆಸ್ಟ್‌ನಲ್ಲಿ ತಾವಾಗಿ ಲೋಡ್ ಆಗಲ್ಲ, ಇಂಪೋರ್ಟ್ ಅಂತ ಬರೆದೇ ಸೇರಿಸಬೇಕು. 'ಬೀನ್ ಸಿಗಲಿಲ್ಲ' ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಬರುತ್ತವೆ.

ಇನ್ನೆರಡು ಸಣ್ಣ ಮಾತು. ಲಾಂಬಾಕ್‌ನಿಂದ (ಮಾಮೂಲಿ ಜಾವಾ ಕೋಡನ್ನು ತಾನೇ ಬರೆದುಕೊಡುವ ಲೈಬ್ರರಿ) ಕನ್‌ಸ್ಟ್ರಕ್ಟರ್ ಮಾಡಿಸುವವರು ಗಮನಿಸಿ, ಯಾವ ಬೀನ್ ಬೇಕು ಅಂತ ಹೆಸರು ಹೇಳಲು ಫೀಲ್ಡ್ ಮೇಲೆ ಬರೆದ ಕ್ವಾಲಿಫೈಯರ್ ಸುಮ್ನೆ ಕನ್‌ಸ್ಟ್ರಕ್ಟರ್‌ಗೆ ಹೋಗಲ್ಲ, ಲಾಂಬಾಕ್‌ನ ಕಾನ್ಫಿಗ್ ಫೈಲಿನಲ್ಲಿ ಹೇಳಿರಬೇಕು. 2023ರಲ್ಲಿ ಬಂದ ಸ್ಪ್ರಿಂಗ್ ಬೂಟ್ 3.2ರಿಂದ ಈಚೆಗೆ, ಪ್ಯಾರಾಮೀಟರ್ ಹೆಸರುಗಳನ್ನು ಉಳಿಸಿಕೊಳ್ಳುವ ಪ್ಯಾರಾಮೀಟರ್ಸ್ ಆಪ್ಷನ್ ಇಲ್ಲದೆ ಕಂಪೈಲ್ ಮಾಡಿದರೆ ಪ್ಯಾರಾಮೀಟರ್ ಹೆಸರು ನೋಡಿ ಬೀನ್ ಹೊಂದಿಸುವುದೂ ಆಗಲ್ಲ. ಮೇವನ್‌ನಲ್ಲಿ (ಕೋಡ್ ಕಂಪೈಲ್ ಮಾಡಿ ಟೆಸ್ಟ್ ಓಡಿಸುವ ಟೂಲ್) ಪಾಸಾದ ಟೆಸ್ಟ್ ಎಡಿಟರ್‌ನಲ್ಲಿ ಬೀಳುತ್ತಿದ್ದರೆ ಮೊದಲು ಇದನ್ನು ನೋಡಿ.

ನಾನೀಗ ಎರಡೂ ಡೇಟಾಸೋರ್ಸ್‌ಗಳಿಗೆ ಒಂದು ಪುಟ್ಟ ಟೆಸ್ಟ್ ಇಟ್ಟಿದ್ದೇನೆ. ಕನೆಕ್ಷನ್ ತೆಗೆದು, ಅದರ ಮೆಟಾಡೇಟಾದಿಂದ ಯುಆರ್‌ಎಲ್ ಓದಿ, ಅದು ಟೆಸ್ಟ್ ಡೇಟಾಬೇಸಿನದೇ ಹೌದಾ ಅಂತ ನೋಡುತ್ತದೆ. ನಾಲ್ಕು ಸಾಲಿನ ಕೋಡ್. ಎರಡನೇ ಡೇಟಾಬೇಸ್ ಸೇರಿಸುವವರು ಮೊದಲು ಇದನ್ನು ಬರೆದು, ಆಮೇಲೆ ಉಳಿದ ಟೆಸ್ಟ್‌ಗಳಿಗೆ ಕೈ ಹಾಕಲಿ ಅಂತ ನನ್ನ ಕೋರಿಕೆ.

ಇಂತಿ,
ಒಬ್ಬ ಜಾವಾ ಡೆವಲಪರ್